ಭೂಸಂಧಿಯೋ, ಜಲಸಂಧಿಯೋ? ಅಮೆರಿಕ ಖಂಡಗಳ ಪಾಠಕ್ಕೊಂದು ಕಾರ್ಡಿನಾಟ

ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳ ಪಾಠ ಮುಗಿದ ಮೇಲೆ ಒಂದು ವರ್ಷ ನಾನು, ಪನಾಮ ಎಂದರೇನೆಂದು ವಿದ್ಯಾರ್ಥಿಗಳನ್ನು ಕೇಳಿದೆನು. ತರಗತಿಯ ಅರ್ಧಭಾಗ 'ಜಲಸಂಧಿ' ಎಂದಿತು. ಪುಸ್ತಕದ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸಬಲ್ಲವರೇ ಹಾಗೆಂದರು. 1914ರಲ್ಲಿ ಅಲ್ಲಿ ತೆರೆದ, ಸುಮಾರು 80 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಹಡಗುಗಳು ಸಾಗುವುದನ್ನು ಓದಿದ್ದರಿಂದ ಅವರ ಮನಸ್ಸು ನೀರಿನ ಕಡೆಗೇ ಹರಿದಿತ್ತು. ಎರಡು ಭೂಭಾಗಗಳನ್ನು ಬೆಸೆಯುವ ಕಿರಿದಾದ ನೆಲ ಭೂಸಂಧಿ. ಎರಡು ಜಲರಾಶಿಗಳನ್ನು ಕೂಡಿಸುವ ಕಿರಿದಾದ ನೀರು ಜಲಸಂಧಿ. ನೆಲವಾಗಿದ್ದುದರಿಂದಲೇ ಪನಾಮವನ್ನು ಅಗೆಯಬೇಕಾಯಿತೆಂಬುದು ಅವರಿಗೆ ಹೊಳೆದಿರಲಿಲ್ಲ. ಇಂತಹ ಪುನರಾವರ್ತನೆಗೆಂದೇ ನಾವು ಕಾರ್ಡಿನಾಟವೊಂದನ್ನು ಸಿದ್ಧಪಡಿಸಿದೆವು.

ಪದಗಳು ಹನ್ನೆರಡು. ಒಂದೊಂದಕ್ಕೆ ಮೂರು ಕಾರ್ಡುಗಳು: ಪದ, ಅದರ ಅರ್ಥ, ಅದಕ್ಕೆ ನಿದರ್ಶನವಾದ ಸ್ಥಳ. ಒಟ್ಟು 36. ಆರು ಮಂದಿಗೆ ತಲಾ ಆರು ಹಂಚಬೇಕು. ತನ್ನ ಮೂವರ ಕೂಟದಲ್ಲಿ ಇಲ್ಲದ ಕಾರ್ಡನ್ನು ಸರದಿಯಂತೆ ಮತ್ತೊಬ್ಬರಲ್ಲಿ ಕೇಳಬೇಕು; ದೊರೆಯದಿದ್ದರೆ ಸರದಿ ಮುಂದಿನವರದು. ಹೆಸರೆತ್ತಿ ಕೇಳುವಂತಿಲ್ಲ ಎಂಬುದೇ ಆಟದ ಜೀವಾಳ. ಪನಾಮದ ಕಾರ್ಡನ್ನು ಹಿಡಿದವಳು, 'ಎರಡು ಖಂಡಗಳನ್ನು ಜೋಡಿಸುವ ಇಕ್ಕಟ್ಟಾದ ನೆಲಕ್ಕೆ ಏನೆನ್ನುವರೋ ಆ ಪದ ನಿನ್ನಲ್ಲಿದೆಯೇ?' ಎನ್ನಬೇಕು. ಮೂರೂ ಕೂಡಿದ ಮೇಲೆ ಗೋಡೆಯ ಭೂಪಟದಲ್ಲಿ ಸ್ಥಳವನ್ನು ತೋರಿಸಿದರೆ ಮಾತ್ರ ಆ ಕೂಟ ಅವಳದಾಗುತ್ತದೆ.

ಇಸ್ಪೀಟಿನ ನೆನಪಾಗಿ ಹಿರಿಯರೊಬ್ಬರು ಹುಬ್ಬುಗಂಟಿಕ್ಕಿದರು. ಒಂದು ಸುತ್ತು ಕುಳಿತು ನೋಡಿದ ಮೇಲೆ ಸುಮ್ಮನಾದರು.

ಪದಗಳನ್ನು ಆರಿಸುವಾಗ ಒಂದಕ್ಕೊಂದು ತೊಡಕಾಗುವವನ್ನೇ ಜೊತೆಯಾಗಿ ಇಡಬೇಕು. ಪನಾಮದ ಎದುರಿಗೆ ಮೆಗೆಲನ್ ಜಲಸಂಧಿ. ಮಿಸಿಸಿಪ್ಪಿಯ ಮುಖಜಭೂಮಿಯ ಎದುರಿಗೆ ಸೇಂಟ್ ಲಾರೆನ್ಸ್ ನದಿಯ ಅಳಿವೆ. ಹುಲ್ಲುಗಾವಲುಗಳಲ್ಲಿ ಉತ್ತರ ಅಮೆರಿಕದ ಪ್ರೇರಿಯೂ ಅರ್ಜೆಂಟೀನಾದ ಪಂಪಾಸೂ ಸಮಶೀತೋಷ್ಣ ವಲಯಕ್ಕೆ ಸೇರಿದವು. ವೆನಿಜುವೆಲಾ, ಕೊಲಂಬಿಯಾಗಳ ಲಾನೋಸ್ ಮಾತ್ರ ಉಷ್ಣವಲಯದ್ದು. 'ಮಳೆನೆರಳು' ಎಂಬ ಪದಕ್ಕೆ ಪ್ಯಾಟಗೋನಿಯವನ್ನು ಇಟ್ಟಿದ್ದೆವು. ಪಶ್ಚಿಮ ಮಾರುತಗಳು ಚಿಲಿಯ ಕಡೆ ಮಳೆ ಸುರಿಸಿ, ಆಂಡೀಸ್ ದಾಟುವಾಗ ಒಣಗಿಬಿಡುತ್ತವೆ. ಸಹ್ಯಾದ್ರಿಯ ಮೂಡಲಿನ ಬಯಲುಸೀಮೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಆದರೆ ಮರುಭೂಮಿಯ ಕೂಟವನ್ನು ಗೆದ್ದ ಹುಡುಗನೊಬ್ಬ ಭೂಪಟದಲ್ಲಿ ಅಟಕಾಮದ ಮೇಲೆ ಬೆರಳಿಟ್ಟು, 'ಇದು ಪರ್ವತದ ಪಡುವಲಿಗಿದೆ, ಕಡಲೂ ಪಕ್ಕದಲ್ಲೇ ಇದೆ, ಇದೇಕೆ ಒಣಗಿತು?' ಎಂದನು. ಆಟ ಅಲ್ಲಿಗೇ ನಿಂತಿತು. ಆ ಅಕ್ಷಾಂಶದಲ್ಲಿ ತೇವ ಹೊತ್ತ ಗಾಳಿ ಪೂರ್ವದಿಂದ ಬೀಸುವುದರಿಂದ ಅದೇ ಆಂಡೀಸ್ ತನ್ನ ನೆರಳನ್ನು ಪಡುವಲಿಗೆ ಚೆಲ್ಲುತ್ತದೆ. ಕರಾವಳಿಯ ಹಂಬೋಲ್ಟ್ ಶೀತಪ್ರವಾಹವು ಕಡಲ ಮೇಲಿನ ಗಾಳಿಯನ್ನು ತಂಪಾಗಿಸಿ ಮೇಲೇರಗೊಡದು. ಇದನ್ನು ವಿವರಿಸಲು ಒಂದು ಪೂರ್ಣ ಅವಧಿ ಬೇಕಾಯಿತು. ಆ ಅವಧಿ ವ್ಯರ್ಥವಾಯಿತೆಂದು ನನಗೆ ಅನ್ನಿಸಲಿಲ್ಲ.

ಲೋಪವೂ ಉಂಟು. ತಿಂಗಳೊಳಗೆ ಮಕ್ಕಳು ಕಾರ್ಡುಗಳನ್ನು ಹಿಂಬದಿಯ ಕಲೆಗಳಿಂದಲೇ ಗುರುತಿಸತೊಡಗಿದರು. ಆಗ ಹೊಸ ಕಟ್ಟು ಮಾಡಬೇಕಾಗುತ್ತದೆ. ಹಳೆಯ ಲಗ್ನಪತ್ರಿಕೆಗಳ ಬರೆಯದ ಬದಿ ಸಾಕು, ಹೆಚ್ಚಿನ ವೆಚ್ಚವಿಲ್ಲ. ಎರಡನೆಯ ಕಟ್ಟಿನಲ್ಲಿ ಅರ್ಥದ ಕಾರ್ಡುಗಳನ್ನು ವಿದ್ಯಾರ್ಥಿಗಳೇ ತಮ್ಮ ಮಾತಿನಲ್ಲಿ ಬರೆದರು. ಮುಖಜಭೂಮಿಗೆ ಒಬ್ಬಳು, 'ನದಿ ಹೊತ್ತು ತಂದ ಮಣ್ಣನ್ನು ಸಮುದ್ರದ ಬಾಗಿಲಲ್ಲಿ ಇಳಿಸಿದ ಜಾಗ' ಎಂದು ಬರೆದಿದ್ದಳು. ನಾನು ಅದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡೆನು.