ವಾರಕ್ಕೆ 12 ತಾಸಿನ ಮೂತ್ರಪಿಂಡ

ವಾರಕ್ಕೆ 168 ತಾಸು. ಆರೋಗ್ಯವಂತರ ಮೂತ್ರಪಿಂಡಗಳು ಅಷ್ಟೂ ತಾಸು ರಕ್ತ ಸೋಸುತ್ತವೆ. ಅವಕ್ಕೆ ರಾತ್ರಿಯ ವಿರಾಮವಿಲ್ಲ, ಹಬ್ಬದ ರಜೆಯೂ ಇಲ್ಲ. ಎರಡೂ ಕೈಕೊಟ್ಟವರಿಗೆ ಡಯಾಲಿಸಿಸ್ ಯಂತ್ರ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು ಈ ಕೆಲಸ ಮಾಡಿಕೊಡುತ್ತದೆ. ಒಟ್ಟು 12 ತಾಸು. ಉಳಿದ ಹೊತ್ತೆಲ್ಲ ಕಲ್ಮಶ, ನೀರು, ಉಪ್ಪು ಮೈಯಲ್ಲೇ ಶೇಖರವಾಗುತ್ತಿರುತ್ತವೆ. ಡಯಾಲಿಸಿಸ್ ಮೇಲೋ, ಮೂತ್ರಪಿಂಡ ಕಸಿ ಮೇಲೋ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಲೆಕ್ಕದಲ್ಲೇ ಇದೆ.

ಇನ್ನರ್ಧ ಇರುವುದು ದಾರಿಯಲ್ಲಿ. ವಿಜಯಪುರ ನಗರದ ಜಿಲ್ಲಾ ಆಸ್ಪತ್ರೆಯಲ್ಲೂ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಡಯಾಲಿಸಿಸ್ ಸೌಲಭ್ಯವಿದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಅದು ಉಚಿತ. ಆದರೆ ತಿಕೋಟಾದಿಂದ ನಗರಕ್ಕೆ ಸುಮಾರು 20 ಕಿಲೋಮೀಟರು. ಬಬಲೇಶ್ವರದಿಂದ ಇನ್ನೂ ತುಸು ದೂರ. ವರ್ಷಕ್ಕೆ 156 ಸಲ ಹೋಗಿಬರಬೇಕು, ಜೊತೆಗೆ ಮನೆಯವರೊಬ್ಬರು ಬೇಕು. ಅವರ ಅಂದಿನ ದುಡಿಮೆ ಹೋಯಿತು. ರೋಗಿ ವಿದ್ಯಾರ್ಥಿಯಾಗಿದ್ದರೆ ವಾರದಲ್ಲಿ ಮೂರು ದಿನದ ಪಾಠವೂ ಹೋಯಿತು. ಯಂತ್ರದಿಂದ ಎದ್ದು ಬಂದ ಸಂಜೆ ಪುಸ್ತಕ ಹಿಡಿಯುವಷ್ಟು ತ್ರಾಣ ಅನೇಕರಿಗೆ ಇರುವುದಿಲ್ಲ.

ಊಟದ ಪಥ್ಯವೂ ಕಠಿಣ. ತಿಕೋಟಾ ಭಾಗದ ಹೆಮ್ಮೆಯ ಒಣದ್ರಾಕ್ಷಿಯನ್ನೇ ತೆಗೆದುಕೊಳ್ಳಿ. ನೂರು ಗ್ರಾಮಿನಲ್ಲಿ ಸುಮಾರು 750 ಮಿಲಿಗ್ರಾಂ ಪೊಟ್ಯಾಸಿಯಂ! ಮೂತ್ರಪಿಂಡ ಸರಿಯಿದ್ದವರಿಗೆ ಅದು ಪುಷ್ಟಿ. ಡಯಾಲಿಸಿಸ್‌ನವರ ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಂತುಹೋಗಬಹುದು. ಬಾಳೆಹಣ್ಣು, ಎಳನೀರಿಗೂ ಇದೇ ಎಚ್ಚರಿಕೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲೂ ವೈದ್ಯರು ಹೇಳಿದಷ್ಟೇ ನೀರು. ಬಾಯಾರಿದ ಮಗನಿಗೆ ತಂಬಿಗೆ ಕೊಡದೆ ಲೋಟ ಅಳೆದುಕೊಡುವುದು ತಾಯಿಗೆ ಸುಲಭವೇನಲ್ಲ.

ಇಷ್ಟು ಹೇಳಿದ್ದು ಡಯಾಲಿಸಿಸ್ ಹಳಿಯಲು ಅಲ್ಲ. 'ಒಮ್ಮೆ ಹಚ್ಚಿದ್ರ ಮುಗೀತ್ರಿ, ಬಿಡಂಗಿಲ್ಲ' ಎಂದು ಹೆದರಿ ಮುಂದೂಡುವವರಿದ್ದಾರೆ. ಅದು ತಪ್ಪು. ಹಾವಿನ ವಿಷ, ತೀವ್ರ ವಾಂತಿಭೇದಿಯಿಂದ ಹಠಾತ್ತನೆ ಮೂತ್ರಪಿಂಡ ನಿಂತವರಲ್ಲಿ ಎಷ್ಟೋ ಮಂದಿ ಕೆಲವು ವಾರಗಳಲ್ಲಿ ಚೇತರಿಸಿಕೊಂಡು ಯಂತ್ರ ಬಿಡುತ್ತಾರೆ. ಶಾಶ್ವತವಾಗಿ ಕೆಟ್ಟವರಿಗೆ ಯಂತ್ರ ಬೇಕೇ ಬೇಕಾಗುವುದು ಕಾಯಿಲೆಯಿಂದ, ಯಂತ್ರ ಹಚ್ಚಿದ್ದರಿಂದ ಅಲ್ಲ. ನೆದರ್ಲೆಂಡ್ಸಿನ ವಿಲೆಮ್ ಕೋಲ್ಫ್ 1940ರ ದಶಕದಲ್ಲಿ, ಯುದ್ಧದ ನಡುವೆ ಇದನ್ನು ಕಟ್ಟುವ ಮುಂಚೆ ಇಂಥವರಿಗೆ ಸಾವೊಂದೇ ದಾರಿಯಾಗಿತ್ತು.

ಕಸಿಯ ಮೊದಲ ಯಶಸ್ಸು ಬಂದದ್ದು 1954ರ ಡಿಸೆಂಬರಿನಲ್ಲಿ, ಅಮೆರಿಕದ ಬೋಸ್ಟನ್‌ನಲ್ಲಿ. ಡಾ. ಜೋಸೆಫ್ ಮರ್ರೆ ಅವಳಿ ಸಹೋದರರಲ್ಲಿ ಒಬ್ಬನ ಮೂತ್ರಪಿಂಡ ಇನ್ನೊಬ್ಬನಿಗೆ ಇಟ್ಟರು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನಲ್ಲಿ ಅದು ಫಲಿಸಿತು. ಕೆಟ್ಟವನ್ನು ತೆಗೆದು ಆ ಜಾಗದಲ್ಲಿ ಹೊಸದನ್ನು ಕೂಡಿಸುತ್ತಾರೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹಳೆಯವು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಹೊಸದನ್ನು ಕಿಬ್ಬೊಟ್ಟೆಯ ಒಂದು ಬದಿಗೆ ಜೋಡಿಸುತ್ತಾರೆ. ಅದು 168 ತಾಸೂ ದುಡಿಯುತ್ತದೆ. ಶಸ್ತ್ರಚಿಕಿತ್ಸೆಗೆ ತಕ್ಕ ಮೈಯಿರುವವರು ಡಯಾಲಿಸಿಸ್‌ನಲ್ಲೇ ಉಳಿಯುವವರಿಗಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ; ಮಕ್ಕಳ ಬೆಳವಣಿಗೆಯೂ ಸುಧಾರಿಸುತ್ತದೆ. ಆದ್ದರಿಂದ ಓದುವ ವಯಸ್ಸಿನವರ ಮಟ್ಟಿಗೆ ನನ್ನ ಒಲವು ಕಸಿಯ ಕಡೆಗೇ. ತೀರಾ ವೃದ್ಧರಿಗೆ, ಹೃದಯ ದುರ್ಬಲವಾದವರಿಗೆ ಆ ಮಾತು ಹೊಂದದು.

ಪ್ರಶ್ನೆ ಏಳುವುದು ಕೊಡುವವರು ಯಾರು ಎಂಬಲ್ಲಿ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮಾರುವುದೂ ಕೊಳ್ಳುವುದೂ ಅಪರಾಧ. ತಂದೆತಾಯಿ, ಒಡಹುಟ್ಟಿದವರು, ಗಂಡಹೆಂಡತಿ, ಮಕ್ಕಳು ಹತ್ತಿರದ ಸಂಬಂಧಿಗಳು. 2011ರ ತಿದ್ದುಪಡಿ ಅಜ್ಜಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಬೇರೆಯವರು ಕೊಡಬೇಕಾದರೆ ಅಧಿಕಾರ ಸಮಿತಿಯ ಒಪ್ಪಿಗೆ ಬೇಕು. ದಾನಿಗೆ 18 ತುಂಬಿರಬೇಕು. ಹಾಗಾಗಿ ಹೈಸ್ಕೂಲಿನ ತಮ್ಮ 'ಅಕ್ಕನಿಗೆ ನಾನು ಕೊಡ್ತೀನಿ' ಎಂದರೂ ಬರುವುದಿಲ್ಲ. ನಮ್ಮಲ್ಲಿ ಬದುಕಿರುವ ದಾನಿಗಳಲ್ಲಿ ಬಹುಪಾಲು ಹೆಂಗಸರು, ಪಡೆಯುವವರಲ್ಲಿ ಬಹುಪಾಲು ಗಂಡಸರು. ಮನೆಯಲ್ಲಿ ಮಾತು ಬಂದಾಗ ಅವ್ವನ ಕಡೆಗೇ ಎಲ್ಲರ ಕಣ್ಣು ತಿರುಗುವುದೇಕೆ? ಒಂದೇ ಮೂತ್ರಪಿಂಡದಿಂದ ಆರೋಗ್ಯವಾಗಿ ಬಾಳಬಹುದು, ನಿಜ. ಆದರೆ ಬೇಡವೆನ್ನುವ ಹಕ್ಕು ಅವಳಿಗೂ ಇದೆ. ವೈದ್ಯರು ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು.

ಮನೆಯಲ್ಲಿ ದಾನಿ ಸಿಗದಿದ್ದರೆ, ಮೆದುಳು ನಿಷ್ಕ್ರಿಯಗೊಂಡವರ ಅಂಗಕ್ಕಾಗಿ ಕಸಿ ಆಸ್ಪತ್ರೆಯ ಮೂಲಕ ರಾಜ್ಯದ 'ಜೀವಸಾರ್ಥಕತೆ' ಸಂಸ್ಥೆಯಲ್ಲಿ ಹೆಸರು ಬರೆಸಬೇಕು. ಸರ್ಕಾರಿ ವಲಯದಲ್ಲಿ ಬೆಂಗಳೂರಿನ ನೆಫ್ರೋ-ಯುರಾಲಜಿ ಸಂಸ್ಥೆ ಕಸಿ ಮಾಡುತ್ತದೆ. ಸರದಿ ಬರಲು ವರ್ಷಗಳೇ ಹಿಡಿಯಬಹುದು. ಅಷ್ಟು ದಿನ ಕಾಯುವುದು ಡಯಾಲಿಸಿಸ್‌ನ ಆಸರೆಯಲ್ಲೇ.

ಕಸಿಯಾದ ಮೇಲೂ ಶಿಸ್ತು ತಪ್ಪುವುದಿಲ್ಲ. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಗುಳಿಗೆಗಳನ್ನು ಅದು ಕೆಲಸ ಮಾಡುವಷ್ಟು ಕಾಲವೂ ಹೊತ್ತಿಗೆ ಸರಿಯಾಗಿ ನುಂಗಬೇಕು. ಅವು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ ಸೋಂಕಿನ ಭಯವಿದೆ. ಮೈ ಹಗುರಾಯಿತೆಂದು ಹಾಸ್ಟೆಲ್ ಸೇರಿದ ಹುಡುಗರು ಗುಳಿಗೆ ತಪ್ಪಿಸಿ ಮೂತ್ರಪಿಂಡ ಕಳೆದುಕೊಳ್ಳುವುದುಂಟು. ಪರೀಕ್ಷೆಯ ದಿನವೂ ಗುಳಿಗೆಯ ಡಬ್ಬಿ ಪೆನ್ನಿನ ಜೊತೆಗೇ ಇರಬೇಕು.