ನಿಮಗಿದು ಗೊತ್ತೇ?: ಗಿರಿಯ ಲೆಕ್ಕ, ಮಳೆಯ ಲೆಕ್ಕ

"ಭೂಮಿ ಹಿಂದೆಯೂ ಕಾದಿದೆ, ಹಿಂದೆಯೂ ತಣಿದಿದೆ. ಅದು ಪ್ರಕೃತಿಯ ಚಕ್ರ, ನಾವ್ಯಾಕೆ ತಲೆ ಕೆಡಿಸ್ಕೋಬೇಕು?" ಚಿಕ್ಕಮಗಳೂರು ಸೀಮೆಯ ಕಾಫಿ ಕಣಗಳಲ್ಲಿ ಈ ಮಾತು ಎಷ್ಟೋ ಸಲ ಕಿವಿಗೆ ಬಿದ್ದಿದೆ. ಮೊದಲರ್ಧ ನಿಜ. ಅದಕ್ಕೆ ಬಾಬಾಬುಡನ್‌ಗಿರಿಯೇ ಸಾಕ್ಷಿ. ಉಳಿದರ್ಧವನ್ನೂ ಗಿರಿಯನ್ನೇ ಕೇಳೋಣ.

ಈ ಬೆಟ್ಟಸಾಲಿನ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲೂ ಇದೆ: ಬಾಬಾಬುಡನ್ ಶಿಲಾಸಮೂಹ. ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ. ಅದರ ಬುಡದ ಪದರದಲ್ಲಿ, ನೀರು ಉರುಳಿಸಿ ತಂದ ಬೆಣಚುಕಲ್ಲುಗಳ ನಡುವೆ, ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜದ ಕಣಗಳಿವೆ. ಇವತ್ತಿನ ಹೊಳೆಯಲ್ಲಿ ಪೈರೈಟ್ ಹಾಗೆ ಉರುಳಿದರೆ ತುಕ್ಕು ಹಿಡಿದು ಹಾಳಾಗುತ್ತದೆ. ಅಂದು ಹಾಳಾಗದೆ ಉಳಿದಿದೆ ಎಂದರೆ, ಆಗಿನ ಗಾಳಿಯಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇರಲೇ ಇಲ್ಲ!

ಇದೇ ಸಾಲಿನ ಮುಳ್ಳಯ್ಯನಗಿರಿಯ ಕಲ್ಲು ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲು. ಆದಿಕಾಲದ ಕಡಲಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು ಗಟ್ಟಿಯಾದದ್ದು.

ಇನ್ನು ಮಳೆಯ ಲೆಕ್ಕ. ಸೂರ್ಯ ಆರಿದ್ರಾ ನಕ್ಷತ್ರಕ್ಕೆ ಬಂದಾಗ ಹುಟ್ಟುವ ಆರಿದ್ರಾ ಮಳೆ ಈಗ ಜೂನ್ 21-22ರ ಹೊತ್ತಿಗೆ ಹುಟ್ಟುತ್ತದೆ. ಸುಮಾರು 1,700 ವರ್ಷಗಳ ಹಿಂದೆ, ಋತುಮಾನದ ಲೆಕ್ಕದಲ್ಲಿ, ಅದು ಮೂರು ವಾರಕ್ಕೂ ಮೊದಲೇ ಹುಟ್ಟುತ್ತಿತ್ತು ಎಂಬುದು ಗೊತ್ತೇ? ಭೂಮಿಯ ಅಕ್ಷ ಬುಗುರಿಯ ಹಾಗೆ ತೂಗುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಅದರಿಂದ ನಮ್ಮ ಮಳೆನಕ್ಷತ್ರಗಳು ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಜರುಗುತ್ತವೆ. ಡಿಸೆಂಬರ್ 21-22ರ ಉತ್ತರಾಯಣಕ್ಕೂ ಜನವರಿಯ ಸಂಕ್ರಾಂತಿಗೂ ನಡುವೆ ಅಂತರ ಬಿದ್ದದ್ದು ಹೀಗೆಯೇ. ಪ್ರಕೃತಿಯ ಚಕ್ರ ಎಂದರೆ ಇದು: ಒಬ್ಬ ಅಜ್ಜನ ಇಡೀ ಆಯಸ್ಸಿಗೆ ಒಂದು ದಿನ. ಮುಂದಿನ ಸಂಗತಿಗಳನ್ನು ಓದುವಾಗ ಈ ವೇಗವನ್ನು ನೆನಪಿಟ್ಟುಕೊಳ್ಳಿ.

ಶೋಲಾ ಕಾಡು, ಅದರ ಸುತ್ತ ಹುಲ್ಲುಗಾವಲು. ಗಿರಿಯಲ್ಲಿ ಕಾಣುವ ಈ ಜೋಡಿಯೂ ಹವಾಮಾನದ ದಾಖಲೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುಮಣ್ಣನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಮಯುಗದ ಒಣ ಕಾಲದಲ್ಲಿ ಹುಲ್ಲು ಹಬ್ಬಿತ್ತು, ತೇವದ ಕಾಲದಲ್ಲಿ ಕಾಡು. ಆ ಅದಲುಬದಲಿಗೆ ಸಾವಿರಾರು ವರ್ಷ ಹಿಡಿದಿತ್ತು.

ಬೇಗ ತಿರುಗುವ ಚಿಕ್ಕ ಚಕ್ರಗಳೂ ಇವೆ. ಗಿರಿಯಲ್ಲಿ ಕುರಿಂಜಿ ಅರಳುವುದು 12 ವರ್ಷಕ್ಕೊಮ್ಮೆ. 2022ರಲ್ಲಿ ಇಳಿಜಾರುಗಳು ನೀಲಿಯಾಗಿದ್ದವು.

ಪೆಸಿಫಿಕ್ ಸಾಗರದ ನೀರು ಕಾಯುವ ಎಲ್ ನಿನೊ ಎರಡರಿಂದ ಏಳು ವರ್ಷಕ್ಕೊಮ್ಮೆ ಬರುತ್ತದೆ. ಕರ್ನಾಟಕ ಬರ ಕಂಡ 2023 ಎಲ್ ನಿನೊ ವರ್ಷ.

ಇನ್ನು ಚಕ್ರಕ್ಕೆ ಸಿಗದ ಸಂಗತಿಗಳು. ಲಕ್ಷಾಂತರ ವರ್ಷಗಳ ಹಿಮಯುಗದ ಏರಿಳಿತದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸರಿಸುಮಾರು 180ರಿಂದ 300 ಭಾಗಗಳ ನಡುವೆ ಆಡುತ್ತಿತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ತೊಡಗಿದಾಗ 315. ಈಗ 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗೆಯದೇ ಇದು ಎಂದು ಹೇಗೆ ಗೊತ್ತು? ನೆಲದಡಿ ಕೋಟ್ಯಂತರ ವರ್ಷ ಹೂತಿದ್ದ ಇಂಗಾಲದಲ್ಲಿ ಕಾರ್ಬನ್-14 ಉಳಿದಿರುವುದಿಲ್ಲ. ಆ ಗುರುತು ಇಲ್ಲದ ಇಂಗಾಲ ಗಾಳಿಯಲ್ಲಿ ಹೆಚ್ಚುತ್ತಿದೆ. ಸೂರ್ಯನ ಶಾಖವೇ ಹೆಚ್ಚಿದ್ದರೆ ವಾತಾವರಣದ ಮೇಲ್ಪದರವೂ ಕಾಯಬೇಕಿತ್ತು. ಅದು ತಣಿಯುತ್ತಿದೆ, ಕೆಳಗಿನದು ಕಾಯುತ್ತಿದೆ. ಭೂಕಕ್ಷೆಯ ಚಕ್ರಗಳ ಲೆಕ್ಕದಲ್ಲಿ ಭೂಮಿ ಈಗ ನಿಧಾನವಾಗಿ ತಣ್ಣಗಾಗುತ್ತಿರಬೇಕಿತ್ತು.

ಹಿಮಯುಗ ಮುಗಿಯುವಾಗ ಭೂಮಿ ಐದು ಡಿಗ್ರಿ ಆಸುಪಾಸು ಕಾಯಲು ಸಾವಿರಾರು ವರ್ಷ ಬೇಕಾಯಿತು. 19ನೇ ಶತಮಾನದ ಕೊನೆಯಿಂದೀಚೆಗೆ ಒಂದು ಡಿಗ್ರಿಗೂ ಹೆಚ್ಚು ಕಾದಿದೆ. ಅದರಲ್ಲಿ ಬಹುಪಾಲು 1970ರ ಈಚಿನದು. ಅಂದರೆ, ಈಗ ಅರವತ್ತು ದಾಟಿದ ಬೆಳೆಗಾರರು ನೋಡನೋಡುತ್ತಿದ್ದಂತೆ.

ಇನ್ನು ಆ ಬೆಳೆಗಾರರ ಕಾಫಿ. ಗಿರಿಗೆ ಹೆಸರಾದ ಸೂಫಿ ಸಂತ ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದರೆಂಬುದು ಪ್ರತೀತಿ. ಆ ಬೀಜದ ವಂಶ, ಅರೇಬಿಕಾ, ತುಂಬ ಸೂಕ್ಷ್ಮ. ಬೇಸಿಗೆಯಲ್ಲಿ ಮೊಗ್ಗು ಕಟ್ಟಿ ಕಾಯುವ ಗಿಡ, ಒಂದು ಇಂಚಿನಷ್ಟು ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಒಟ್ಟಿಗೆ ಅರಳುತ್ತದೆ. ಎರಡು-ಮೂರು ವಾರದೊಳಗೆ ಬ್ಯಾಕಿಂಗ್ ಎಂಬ ಎರಡನೇ ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಜನವರಿಯಲ್ಲೇ ಅಕಾಲ ಮಳೆ ಸುರಿದರೆ ಹಣ್ಣು ಕೊಯ್ಯುವ ಗಿಡದಲ್ಲೇ ಹೂವು. ಕೊಯ್ಯುವ ಕೈಗೆ ಮುಂದಿನ ವರ್ಷದ ಫಸಲು ಉದುರುತ್ತದೆ. ನೆರಳು ಕಡಿಮೆಯಾಗಿ ಬಿಸಿಲು ಬಿದ್ದ ಕಡೆ ಬಿಳಿ ಕಾಂಡಕೊರಕ ಹುಳುವಿನ ಕಾಟ ಬೇರೆ.

ನೂರು ಮೀಟರ್ ಏರಿದರೆ ಸುಮಾರು 0.6 ಡಿಗ್ರಿ ತಂಪು. ಹಾಗಾಗಿ ಒಂದು ಡಿಗ್ರಿ ಬಿಸಿಗೆ ಅರೇಬಿಕಾ ತನ್ನ ಹಳೆಯ ತಂಪು ಹುಡುಕಿಕೊಂಡು 170 ಮೀಟರ್‌ನಷ್ಟು ಮೇಲೇರಬೇಕು. ಮೇಲಿರುವುದು ಶೋಲಾ. ಶೋಲಾ ಎಲ್ಲಿಗೆ ಹೋಗಬೇಕು? ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,925 ಮೀಟರ್‌ಗೆ ಮುಗಿದುಹೋಗುತ್ತದೆ.

ಗಿರಿಯ ನೀರು ವೇದಾವತಿ ನದಿಯಾಗಿ ಹಿರಿಯೂರಿನ ಮಾರಿಕಣಿವೆ ಜಲಾಶಯಕ್ಕೆ ಇಳಿಯುತ್ತದೆ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷದ ಮೇಲೆ, 2022ರಲ್ಲಿ. ಮತ್ತೊಮ್ಮೆ 2025ರ ಜನವರಿಯಲ್ಲಿ. ಈಗ ಭದ್ರೆಯ ನೀರೂ ಅಲ್ಲಿಗೆ ಬರುತ್ತಿರುವುದರಿಂದ ಎಲ್ಲವನ್ನೂ ಹವಾಮಾನದ ಖಾತೆಗೆ ಬರೆಯುವುದು ಸರಿಯಲ್ಲ.

ಗಾಳಿ ಒಂದು ಡಿಗ್ರಿ ಕಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಸುರಿದರೆ ಒಮ್ಮೆಲೇ ಸುರಿಯುವುದು ಅದಕ್ಕೇ. 2019ರ ಆಗಸ್ಟಿನ ಮಳೆಗೆ ಮೂಡಿಗೆರೆಯ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿದು ಮನೆ-ತೋಟ ಹೋದವು. ಚಾರ್ಮಾಡಿ ಘಾಟಿ ಮುಚ್ಚಿತು. ಅಲ್ಲಿಯವರ ಮುಂದೆ ನಿಂತು 'ಚಕ್ರ' ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮೂಡಿಗೆರೆ, ಕಳಸದ ತೋಟಗಳಲ್ಲಿ ಇಂದಿಗೂ ಮಳೆಯನ್ನು ಇಂಚಿನಲ್ಲೇ ಬರೆದಿಡುತ್ತಾರೆ. ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಹಳೆಯ ಪುಸ್ತಕವಿದ್ದರೆ ಗೆದ್ದಲಿಗೆ ಬಿಡಬೇಡಿ. ಆರಿದ್ರಾದ ಪುಟ ತೆರೆದು, ಅಜ್ಜ ಬರೆದ ಇಂಚುಗಳ ಪಕ್ಕದಲ್ಲಿ ಈ ವರ್ಷದ್ದನ್ನು ಬರೆಯಿರಿ.