ಮುದಿ ಬೆಕ್ಕಿನ ಕೀಲುನೋವು

ಮಾನ್ವಿ ತಾಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ. ದೇವದುರ್ಗ ತಾಲೂಕಿಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬರುತ್ತದೆ. ನೀರು ಬಂದಲ್ಲಿ ನೆಲ್ಲು ಬೆಳೆಯುತ್ತದೆ. ರಾಯಚೂರಿನ ಗಂಜಿನಲ್ಲಿ ಕಾಳಿನ ಚೀಲಗಳ ಸಾಲೇ ಇರುತ್ತದೆ. ಕಾಳು ಇದ್ದಲ್ಲಿ ಇಲಿ ಬರುತ್ತದೆ. ಇಲಿ ಇದ್ದಲ್ಲಿ ಬೆಕ್ಕು ಬೇಕು. ಅದಕ್ಕೇ ನಮ್ಮ ಎಷ್ಟೋ ಮನೆಗಳಲ್ಲಿ ಬೆಕ್ಕು ಇದೆ.

ಬೆಕ್ಕಿಗೂ ಮುಪ್ಪು ಬರುತ್ತದೆ. ಚೆನ್ನಾಗಿ ನೋಡಿಕೊಂಡರೆ ಬೆಕ್ಕು 12ರಿಂದ 15 ವರ್ಷ ಬದುಕುತ್ತದೆ. ಮುಪ್ಪಿನಲ್ಲಿ ಅದಕ್ಕೆ ನಮ್ಮ ಹಾಗೆಯೇ ಕೀಲುನೋವು ಬರುತ್ತದೆ.

ಕೀಲುನೋವು ಏಕೆ ಬರುತ್ತದೆ?

ಎರಡು ಎಲುಬು ಕೂಡುವ ಜಾಗವೇ ಕೀಲು. ಅಲ್ಲಿ ಎಲುಬಿನ ತುದಿಗೆ ನುಣುಪಾದ ಪದರ ಇರುತ್ತದೆ. ವಯಸ್ಸಾದಂತೆ ಆ ಪದರ ಸವೆಯುತ್ತದೆ. ಕೀಲೆಣ್ಣೆ ಇಲ್ಲದ ಬಂಡಿ ಗಾಲಿಯನ್ನು ನೆನೆಸಿಕೊಳ್ಳಿ. ಕೀಲೂ ಹಾಗೆಯೇ ಬಿಗಿಯುತ್ತದೆ. ಅಮೆರಿಕದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್-ರೇ ನೋಡಿದರು. 90 ಬೆಕ್ಕುಗಳ ಕೀಲು ಸವೆದಿತ್ತು. ಈ ವಿಷಯ 2002ರಲ್ಲಿ ಪ್ರಕಟವಾಯಿತು.

ಗುರುತು ಹಿಡಿಯುವುದು ಹೇಗೆ?

ಬೆಕ್ಕು ನೋವಾಯಿತೆಂದು ಕೂಗುವುದಿಲ್ಲ. ಸುಮ್ಮನೆ ಮೂಲೆಯಲ್ಲಿ ಮಲಗುತ್ತದೆ. "ವಯಸ್ಸಾತು, ಮಲಗ್ಲಿ ಬಿಡು" ಅಂತ ನಾವೂ ಸುಮ್ಮನಾಗುತ್ತೇವೆ. ಈ ಗುರುತುಗಳನ್ನು ನೋಡಿರಿ:

• ಮೊದಲು ಹಾರುತ್ತಿದ್ದ ಕಟ್ಟೆಗೆ ಈಗ ಹಾರುವುದಿಲ್ಲ.
• ಎದ್ದ ಕೂಡಲೇ ಬಿಗಿಯಾಗಿ ನಡೆಯುತ್ತದೆ.
• ಮೈ ನೆಕ್ಕಿಕೊಳ್ಳುವುದಿಲ್ಲ. ಕೂದಲು ಗಂಟು ಕಟ್ಟುತ್ತದೆ.
• ಉಗುರು ಉದ್ದ ಬೆಳೆಯುತ್ತದೆ.
• ಬೆನ್ನು ಮುಟ್ಟಿದರೆ ಕಚ್ಚಲು ಬರುತ್ತದೆ.
• ಹೊರಗೆ ಹೋಗಲಾರದೆ ಮನೆಯಲ್ಲೇ ಹೊಲಸು ಮಾಡುತ್ತದೆ.

ಬೆಕ್ಕು ಹೊಲಸು ಮಾಡಿದರೆ ಹೊಡೆಯಬೇಡಿ. ಅದು ಸೊಕ್ಕಲ್ಲ, ನೋವು.

ಈ ಮಾತು ಕೇಳಿರಿ

ಒಬ್ಬ ಅವ್ವ ದನದ ದವಾಖಾನೆಗೆ ಬಂದಳು ಅನ್ನೋಣ.

"ಡಾಕ್ಟ್ರೇ, ನಮ್ಮ ಬೆಕ್ಕು ಕುಂಟಾಕತ್ತೈತ್ರಿ. ಮನ್ಯಾಗ ಜ್ವರದ ಗುಳಿಗಿ ಅದಾವ. ಅರ್ಧ ಮುರಿದು ಹಾಲಿನ್ಯಾಗ ಹಾಕ್ಲೇನ್ರಿ?"

"ಬ್ಯಾಡವ್ವ! ಅರ್ಧ ಗುಳಿಗಿನೂ ಅದರ ಜೀವ ತಗೀಬಹುದು."

"ನಾವು ನುಂಗತೀವಲ್ರಿ? ನಮಗೇನೂ ಆಗಂಗಿಲ್ಲಲ್ಲ?"

"ನಮ್ಮ ಹೊಟ್ಟಿ ಬ್ಯಾರೆ, ಬೆಕ್ಕಿನ ಹೊಟ್ಟಿ ಬ್ಯಾರೆ ಅವ್ವ."

ಡಾಕ್ಟರ ಮಾತು ನಿಜ. ಜ್ವರದ ಗುಳಿಗೆಯಲ್ಲಿ ಪ್ಯಾರಾಸಿಟಮಾಲ್ ಎಂಬ ಔಷಧಿ ಇರುತ್ತದೆ. ಕ್ರೋಸಿನ್, ಡೋಲೋ ಗುಳಿಗೆಗಳಲ್ಲಿ ಇರುವುದೂ ಇದೇ. ನಮ್ಮ ಲಿವರ್ ಇದನ್ನು ಕರಗಿಸಿ ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರಿಗೆ ಆ ಶಕ್ತಿ ಬಹಳ ಕಡಿಮೆ. ಔಷಧಿ ವಿಷವಾಗಿ ರಕ್ತವನ್ನು ಕೆಡಿಸುತ್ತದೆ. ಒಸಡು ನೀಲಿ ಅಥವಾ ಕಂದು ಆಗುತ್ತದೆ. ಮುಖ, ಪಾದ ಬಾಯುತ್ತವೆ. ಉಸಿರು ಕಟ್ಟುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆಗಳೂ ಬೆಕ್ಕಿಗೆ ಅಪಾಯ. ನೋವಿನ ಬಾಮನ್ನೂ ಹಚ್ಚಬೇಡಿ. ಬೆಕ್ಕು ಮೈ ನೆಕ್ಕಿದಾಗ ಅದು ಹೊಟ್ಟೆಗೆ ಹೋಗುತ್ತದೆ. ಬರೆ ಹಾಕುವುದಂತೂ ಬೇಡವೇ ಬೇಡ.

ಬೆಕ್ಕು ತಪ್ಪಿ ಗುಳಿಗೆ ನುಂಗಿದರೆ ಕಾಯಬೇಡಿ. ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ. ಗುಳಿಗೆಯ ಚೀಟಿಯನ್ನೂ ಒಯ್ಯಿರಿ.

ಮನೆಯಲ್ಲಿ ಏನು ಮಾಡಬಹುದು?

ಇದಕ್ಕೆ ದುಡ್ಡು ಬೇಕಿಲ್ಲ.

1. ಹಳೆಯ ಕೌದಿ ಮಡಚಿ ನೆಲದ ಮೇಲೆ ಹಾಸಿರಿ. ಚಳಿಗಾಲದಲ್ಲಿ ಗಾಳಿ ಬೀಸದ ಬೆಚ್ಚನೆ ಜಾಗ ಇರಲಿ. ಬ್ಯಾಸಗಿಯಲ್ಲಿ ನೆರಳು ಇರಲಿ.
2. ಶಹಾಬಾದಿ ಬಂಡೆಯ ನೆಲ ಜಾರುತ್ತದೆ. ಬೆಕ್ಕು ಓಡಾಡುವಲ್ಲಿ ಗೋಣಿ ತಟ್ಟು ಹಾಸಿರಿ.
3. ಕಟ್ಟೆಗೆ ಹತ್ತಲು ಇಟ್ಟಿಗೆಯಿಂದ ಸಣ್ಣ ಮೆಟ್ಟಿಲು ಮಾಡಿರಿ.
4. ಅನ್ನ, ನೀರು ಹಾಸಿಗೆಯ ಹತ್ತಿರವೇ ಇಡಿರಿ.
5. ಅಂಚು ಗಿಡ್ಡ ಇರುವ ಹಳೆಯ ಬುಟ್ಟಿಯಲ್ಲಿ ಉಸುಕು ಹಾಕಿ ಇಡಿರಿ. ಅದೇ ಬೆಕ್ಕಿನ ಪಾಯಖಾನೆ. ದಿನಾ ಸ್ವಚ್ಛ ಮಾಡಿರಿ.
6. ಮೆಲ್ಲಗೆ ಕೂದಲು ಬಾಚಿರಿ. ಉಗುರಿನ ತುದಿ ಮಾತ್ರ ಕತ್ತರಿಸಿರಿ.
7. ಮೈ ದಪ್ಪ ಆಗಲು ಬಿಡಬೇಡಿ. ಭಾರ ಹೆಚ್ಚಿದರೆ ನೋವೂ ಹೆಚ್ಚುತ್ತದೆ.

ಯಾರನ್ನು ಕೇಳಬೇಕು?

ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆ ಸರ್ಕಾರಿ ಪಶು ಆಸ್ಪತ್ರೆ ಇದೆ. ದನ, ಕುರಿಯಷ್ಟೇ ಅಲ್ಲ, ಬೆಕ್ಕನ್ನೂ ಒಯ್ಯಬಹುದು. ಬೆಕ್ಕಿಗೆ ಸರಿಹೋಗುವ ನೋವಿನ ಔಷಧಿ ಬೇರೆ ಇದೆ. ಬೆಕ್ಕನ್ನು ತೂಗಿ, ಡಾಕ್ಟರೇ ಅದನ್ನು ಕೊಡಬೇಕು. ಬೆಕ್ಕು ಸೊರಗುತ್ತಿದ್ದರೆ, ಬಹಳ ನೀರು ಕುಡಿಯುತ್ತಿದ್ದರೆ ಅದನ್ನೂ ಹೇಳಿರಿ. ಅದು ಬೇರೆ ರೋಗ ಇರಬಹುದು.

ಬಿಟ್ಟು ಬರಬೇಡಿ

"ಇಲಿ ಹಿಡಿಯಂಗಿಲ್ಲ, ಯಾಕ ಬೇಕು?" ಅಂತ ಕೆಲವರು ಮುದಿ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಕಾಲುವೆಯ ಆಚೆ ಬಿಟ್ಟು ಬರುತ್ತಾರೆ. ನಾಯಿ ಬಂದರೆ ಅದು ಓಡಲಾರದು, ಗಿಡ ಹತ್ತಲಾರದು. ಹಸಿವಿನಿಂದ ನರಳಿ ಸಾಯುತ್ತದೆ. ಸಾಕಿದ ಪ್ರಾಣಿಯನ್ನು ಹೀಗೆ ಹಸಿವು, ನೀರಡಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾನೂನಿನಂತೆ ಅಪರಾಧ. ಹತ್ತು ವರ್ಷ ನಮ್ಮ ಕಾಳು ಕಾದ ಜೀವ ಅದು. ಅದಕ್ಕೆ ಒಂದು ಕೌದಿ, ಒಂದು ತುತ್ತು ಅನ್ನ ನಮಗೆ ಭಾರವೇ?

ಹೇಳಿರಿ ನೋಡೋಣ

1. ಬೆಕ್ಕಿಗೆ ಜ್ವರದ ಗುಳಿಗೆ ಏಕೆ ಕೊಡಬಾರದು?
2. ಕೀಲುನೋವಿನ ಮೂರು ಗುರುತು ಯಾವುವು?
3. ನಿಮ್ಮ ಓಣಿಯಲ್ಲಿ ಮುದಿ ಬೆಕ್ಕು ಯಾರ ಮನೆಯಲ್ಲಿದೆ? ಅವರಿಗೆ ಈ ಪಾಠ ಓದಿ ಹೇಳಿರಿ.